ಸಹಿ ಮಾಡುವ ಮುಂಚೆ ಒಂದು ಗ್ಲಾಸ್ ವೈನ್

ಕಳೆದ ಅಕ್ಟೋಬರ್‌ನ ಒಂದು ಶನಿವಾರ. ಪ್ರಾಜೆಕ್ಟ್ ಮೇಲೆ ಮಿಲಾನ್‌ಗೆ ಬಂದು ಎಂಟು ತಿಂಗಳಾಗಿತ್ತು. ಆಫೀಸಿನ ಇಟಾಲಿಯನ್ ಗೆಳೆಯ, ಮಂಗಳೂರಿನ ಇನ್ನೊಬ್ಬ ಗೆಳೆಯ, ಅವನ ಹೆಂಡತಿ ಮತ್ತು ನಾನು ಕಾರಿನಲ್ಲಿ ಬರೋಲೊ ಅನ್ನೋ ಊರಿಗೆ ಹೊರಟಿದ್ವಿ. ದ್ರಾಕ್ಷಿ ತೋಟ ನೋಡಿ, ವೈನ್ ರುಚಿ ನೋಡಿ, ಅಲ್ಲೇ ಊಟ ಮಾಡಿ ಬರೋದು ಅಂತ ಪ್ಲಾನ್. ಕಾರು ಹತ್ತುವಾಗಲೇ ಊರಿಂದ ಕಾಕಾನ ಮಗನ ವಾಟ್ಸಾಪ್ ಬಂತು.

"ಅಣ್ಣಾ, ರೆಸಾರ್ಟಿನವ್ರು ಮತ್ತ ಬಂದಿದ್ರು. ಹತ್ತು ವರ್ಷಕ್ಕ ಲೀಸ್ ಕೇಳಾಕತ್ತಾರ. ನೆಲ್ಲಿನ್ಯಾಗ ಬರೋದರ ನಾಲ್ಕು ಪಟ್ಟು ಕೊಡ್ತಾರಂತ. ಪರ್ಮಿಷನ್ ಎಲ್ಲಾ ಅವ್ರ ನೋಡ್ಕೊಂತಾರ. ನಿನ್ನ ಸಹಿ ಒಂದು ಬೇಕು."

ನಮ್ಮೂರು ವಿರೂಪಾಪುರಗಡ್ಡೆಯ ಹತ್ತಿರ. ಹಂಪಿಗೆ ಹೋದವರಿಗೆ ಗೊತ್ತಿರುತ್ತೆ, ವಿರೂಪಾಕ್ಷ ಗುಡಿಯ ಹಿಂದೆ ತುಂಗಭದ್ರೆ ದಾಟಿದರೆ ಗಡ್ಡೆ. ಜನ ಇಟ್ಟ ಹೆಸರು ಹಿಪ್ಪಿ ಐಲ್ಯಾಂಡ್. ಭತ್ತದ ಗದ್ದೆಗಳ ನಡುವೆ ಒಂದೊಂದೇ ಗುಡಿಸಲು ಎದ್ದು, ಗುಡಿಸಲು ಹೋಗಿ ರೂಮು ಬಂದು, ರೂಮುಗಳು ರೆಸಾರ್ಟ್ ಆಗಿದ್ದನ್ನ ನೋಡುತ್ತಲೇ ನಾನು ಬೆಳೆದೆ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವು ಅಕ್ರಮ ಅಂದಿತು. ಮಾರ್ಚ್‌ನಲ್ಲಿ ಜೆಸಿಬಿ ಬಂದವು. ಹಿಂದೆಯೇ ಲಾಕ್‌ಡೌನ್ ಬಂತು. ವ್ಯಾಪಾರ ಸಾಣಾಪುರದ ಕಡೆ ಸರಿಯಿತು. ನಮ್ಮ ಮೂರು ಎಕರೆ ಇರೋದು ಅದೇ ದಾರಿಯಲ್ಲಿ.

ಬರೋಲೊ ತಲುಪಿದಾಗ ಸಂಜೆ ಐದು. ಎತ್ತ ನೋಡಿದರೂ ಗುಡ್ಡ, ಗುಡ್ಡದ ತುಂಬ ಬೈತಲೆ ತೆಗೆದ ಹಾಗೆ ದ್ರಾಕ್ಷಿ ಸಾಲು. ತಗ್ಗಿನಿಂದ ಮಂಜು ಏಳ್ತಿತ್ತು. ತೋಟದ ಯಜಮಾನನಿಗೆ ಎಪ್ಪತ್ತರ ಮೇಲೆ ವಯಸ್ಸು. ಕೈ ನೋಡಿದರೆ ನಮ್ಮಪ್ಪನ ಕೈ. ಅವನು ಹೇಳೋದನ್ನ ಗೆಳೆಯ ಇಂಗ್ಲಿಷಿಗೆ ತರ್ತಿದ್ದ. ಇಲ್ಲಿನ ದ್ರಾಕ್ಷಿ ನೆಬ್ಬಿಯೋಲೊ. ಬರೋಲೊ ಅಂತ ಚೀಟಿ ಅಂಟಿಸಬೇಕಾದರೆ ವೈನನ್ನ ಕಮ್ಮಿ ಅಂದರೂ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಮೂರು ವರ್ಷ ಮಾರದೇ ಕೂತಿರೋದಾ! ನಮ್ಮಲ್ಲಿ ಗಂಗಾವತಿ ಸಾಲಗಾರ ನೆಲ್ಲು ಒಣಗೋವರೆಗೂ ಕಾಯಲ್ಲ.

ಅವನ ಮನೆಯಲ್ಲೂ ನಾಲ್ಕು ರೂಮು ಬಾಡಿಗೆಗಿದ್ದವು. ಊಟವೂ ಅಲ್ಲೇ. ಹಾಗಾದರೆ ಇದೂ ರೆಸಾರ್ಟೇ ಅಲ್ವಾ ಅಂತ ಕೇಳಿದೆ. ಅಲ್ಲ ಅಂದ. ಇಟಲಿಯಲ್ಲಿ 1985ರಲ್ಲೇ ಇದಕ್ಕೊಂದು ಕಾನೂನು ಬಂದಿದೆ. ಇದನ್ನ ಅವರು ಅಗ್ರಿಟುರಿಸ್ಮೊ ಅಂತಾರೆ. ರೈತನೇ ಅತಿಥಿಗಳನ್ನ ಇಟ್ಟುಕೊಳ್ಳಬೇಕು, ಬೇಸಾಯವೇ ಮುಖ್ಯ ಕಸುಬಾಗಿರಬೇಕು, ರೂಮು ಎರಡನೆಯದು. ಬೇಸಾಯ ಬಿಟ್ಟರೆ ರೂಮೂ ಇಲ್ಲ. ಹಂಪಿ ಯುನೆಸ್ಕೊ ಪಟ್ಟಿಗೆ ಸೇರಿದ್ದು 1986ರಲ್ಲಿ, ಈ ತೋಟಗಳ ಸೀಮೆ ಸೇರಿದ್ದು 2014ರಲ್ಲಿ. ಎರಡೂ ವಿಶ್ವ ಪರಂಪರೆಯೇ. ಇಲ್ಲಿ ರೈತ ಪರಂಪರೆಯ ಒಳಗಿದ್ದ. ನಮ್ಮಲ್ಲಿ ಪರಂಪರೆ ಅಂದರೆ ಕಲ್ಲು, ಗುಡಿ, ಮಂಟಪ. ವಿಜಯನಗರದ ಕಾಲದ ಕಾಲುವೆಯಿಂದ ಈಗಲೂ ಗದ್ದೆಗೆ ನೀರು ಕಟ್ಟೋನು ಆ ಫೋಟೊದಲ್ಲಿ ಇಲ್ಲ.

ಅಲ್ಲೇ ನಾನು ಮನಸ್ಸಿನಲ್ಲಿ ನಿರ್ಧಾರ ಮಾಡಿಬಿಟ್ಟೆ. ಸಹಿ ಹಾಕಲ್ಲ. ಹೊಲ ಹೊಲವಾಗೇ ಉಳೀಬೇಕು. ಎಂಥಾ ಉದಾತ್ತ ವಿಚಾರ ನೋಡಿ, ಅದೂ ಎರಡನೇ ಗ್ಲಾಸಿನ ಹೊತ್ತಿಗೆ.

ಊಟಕ್ಕೆ ಕೂತಾಗ ಅಜ್ಜ ಇನ್ನೊಂದು ಕಥೆ ತೆಗೆದ. ಅವನು ಹುಡುಗನಾಗಿದ್ದಾಗ ಇದು ಬಡವರ ಸೀಮೆ. ಹರೆಯದವರೆಲ್ಲ ಟುರಿನ್ನಿನ ಫಿಯೆಟ್ ಕಾರ್ಖಾನೆಗೆ ಹೋಗಿಬಿಡ್ತಿದ್ದರು. ಹೊಲ ಬಿಡದೇ ಉಳಿದವರು ಹೇಗೆ ಉಳಿದರು ಅಂತ ಕೇಳಿದ್ದಕ್ಕೆ ನಕ್ಕು, "ಬಸ್ಸು" ಅಂದ. ಪಕ್ಕದ ಆಲ್ಬಾದಲ್ಲಿ ಫೆರೆರೊ ಕಂಪನಿ ಇದೆ, ನುಟೆಲ್ಲಾ ಮಾಡೋರು. ಅವರು ಗುಡ್ಡದ ಹಳ್ಳಿಗಳಿಗೇ ಬಸ್ಸು ಕಳಿಸಿ ಕೆಲಸಗಾರರನ್ನ ಕರೆಸಿಕೊಳ್ತಿದ್ದರು. ಪಾಳಿ ಮುಗಿಸಿ ಮನೆಗೆ ಬಂದು ತೋಟ ನೋಡಿಕೊಳ್ಳಬಹುದಿತ್ತು. ಹಾಗಂತ ಇವರೆಲ್ಲ ಸಂತರೂ ಅಲ್ಲ. 1986ರಲ್ಲಿ ಇದೇ ಪ್ರಾಂತ್ಯದ ಕೆಲವರು ದುಡ್ಡಿನಾಸೆಗೆ ವೈನಿಗೆ ಮೆಥನಾಲ್ ಬೆರೆಸಿ, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು.

ಅಂದರೆ ಆ ತೋಟ ಉಳಿದದ್ದು ಬರೀ ಮಣ್ಣಿನ ಪ್ರೀತಿಯಿಂದಲ್ಲ. ತಿಂಗಳ ಸಂಬಳವಿತ್ತು, ಕಾನೂನಿತ್ತು, ಕಾಯೋಕೆ ಶಕ್ತಿ ಇತ್ತು. ನನ್ನ ತಮ್ಮನಿಗೆ ಏನಿದೆ? ಯಾವ ಬಸ್ಸೂ ಅವನ ಮನೆ ಮುಂದೆ ಬಂದು ನಿಂತಿಲ್ಲ. ಬಿಇ ಮಾಡಿ ಬಸ್ಸು ಹತ್ತಿದೋನು ನಾನು, ಅದೂ ಒಂದು ಕಡೆಯ ಟಿಕೆಟ್. ನನ್ನ ಫೀಸಿಗೆ ನೆಲ್ಲು ಮಾರಿದ್ದು ಅಪ್ಪ, ಜೊತೆಗೆ ಕಾಕಾ. ಈಗ ಗದ್ದೆ ಹಸಿರಾಗೇ ಇರಲಿ ಅಂತ ನಾನು ಬಯಸೋದಕ್ಕೂ, ಗಡ್ಡೆಗೆ ಬಂದು ಆರಾಮ ಕುರ್ಚಿಯಲ್ಲಿ ಕೂತು ಗದ್ದೆ ಚಂದ ಅನ್ನುತ್ತಿದ್ದ ವಿದೇಶಿಗೂ ಏನು ವ್ಯತ್ಯಾಸ? ಅವನು ಅಟ್‌ಲೀಸ್ಟ್ ಬಾಡಿಗೆ ಕೊಡ್ತಿದ್ದ.

ಬಿಟ್ಟುಬಂದವನಿಗೆ ಉಳಿದವರ ಮೇಲೆ ಏನು ಹಕ್ಕು? ಕಾಗದದ ಪ್ರಕಾರ ಅರ್ಧ ಪಾಲು. ನನಗೆ ತಿಳಿದ ಮಟ್ಟಿಗೆ, ಉಳಿಸೋ ಖರ್ಚಿನಲ್ಲಿ ಎಷ್ಟು ಪಾಲು ಹೊರ್ತೀವೋ ಅಷ್ಟು. ಬೇರೆಯವರ ಬೆವರಿನಲ್ಲಿ ನನ್ನ ನೆನಪುಗಳನ್ನ ಕಾಪಾಡಿ ಅನ್ನೋದು ಪ್ರೀತಿ ಅಲ್ಲ, ವಸೂಲಿ.

ವಾಪಸ್ ಬರುವಾಗ ಕಾರಲ್ಲೇ ತಮ್ಮನಿಗೆ ಮೆಸೇಜ್ ಹಾಕಿದೆ. ಲೀಸ್ ಬೇಡ. ನನ್ನ ಪಾಲಿನ ಹುಟ್ಟುವಳಿ ಇನ್ನು ಮುಂದೆ ನೀನೇ ಇಟ್ಕೋ. ಲೀಸಿಗೂ ನೆಲ್ಲಿಗೂ ಇರೋ ಫರಕಿನಲ್ಲಿ ಅರ್ಧ ಪ್ರತಿ ವರ್ಷ ನಾನು ಕಳಿಸ್ತೀನಿ. ಸಾಲಕ್ಕೆ ಹೆದರಿ ಕಣದಲ್ಲೇ ಮಾರಬೇಡ. ಎರಡು ರೂಮು ಕಟ್ಟೋದಾದರೆ ನಾವೇ ಕಟ್ಟೋಣ, ಪರ್ಮಿಷನ್ ತಗೊಂಡು. ಇದೆಲ್ಲ ನಿನಗೆ ಒಪ್ಪಿಗೆ ಇಲ್ಲದಿದ್ದರೆ ಸಹಿ ಹಾಕ್ತೀನಿ.

ಊರಲ್ಲಿ ಆಗ ಬೆಳಗಿನ ಜಾವ. ನೀರು ಕಟ್ಟೋಕೆ ಎದ್ದಿದ್ದ ಅನ್ಸುತ್ತೆ, ತಕ್ಷಣ ಉತ್ತರ ಬಂತು.

"ಅಣ್ಣಾ, ಕುಡದಿದ್ದು ಇಳಿದ ಮ್ಯಾಲ ಫೋನ್ ಮಾಡು. ಆಗೂ ಇದ ಮಾತು ಅಂದ್ರ ನೋಡೂಣು."

ಭಾನುವಾರ ಬೆಳಿಗ್ಗೆ ಎದ್ದು ಮುಖ ತೊಳೆದು ಫೋನ್ ಮಾಡಿದೆ. ಅದೇ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ವರ್ಷ ನೋಡೂಣು" ಅಂದ. ಈ ವರ್ಷದ ಮೊದಲ ಕಂತು ಕಳಿಸಿದ್ದೀನಿ. ಹೊಸ ಬೈಕ್ ತಗೊಳ್ಳೋದು ಮುಂದಕ್ಕೆ ಹೋಗಿದೆ.