ಒಂದೇ ಈಡು

ಕೊಲ್ಲಬೇಕೇ ಬೇಡವೇ ಎಂಬುದು ಒಂದು ಪ್ರಶ್ನೆ. ಕೊಲ್ಲುವುದಾದರೆ ಹೇಗೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ‘ಬೇಡ’ ಎಂದು ಉತ್ತರ ಕೊಟ್ಟವರು ಎರಡನೆಯದು ತಮಗೆ ಸಂಬಂಧಿಸಿದ್ದಲ್ಲ ಎಂದು ಸುಮ್ಮನಾಗುವುದುಂಟು. ಹಾಗೆ ಸುಮ್ಮನಾಗುವುದು ಸರಿಯೇ ಎಂಬುದು ನನ್ನ ಜಿಜ್ಞಾಸೆ.

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನೆಲೆಸಿರುವ ನನ್ನ ಸೋದರಳಿಯ ಜಿಂಕೆ ಬೇಟೆಗೆ ಪರವಾನಿಗೆ ಪಡೆದಿದ್ದಾನೆ. ಅಲ್ಲಿ ಅದು ಕಾನೂನಿಗೆ ಒಪ್ಪಿಗೆಯಾದುದು. ಅದಕ್ಕೊಂದು ನಿಗದಿತ ಕಾಲವಿದೆ, ಹೊಸಬರಿಗೆ ತರಬೇತಿಯೂ ಇದೆ. ನಮ್ಮ ಅಡಿಕೆ ತೋಟದ ಮನೆಯ ಹಳೆಯ ಕೋವಿಯನ್ನು ನೋಡಿ ಬೆಳೆದವನಾದ್ದರಿಂದ ನನ್ನಲ್ಲೇ ಕೇಳಿದ: “ಮಾವ, ಸುರುವಿಗೆ ಯಾವ ಕೋವಿ ತೆಗೊಳ್ಳಲಿ?” ಮಾಂಸ ತಿನ್ನದ ಮನೆಯವನಾದ ನನಗೆ ‘ಯಾವುದೂ ಬೇಡ’ ಎನ್ನುವುದು ಸುಲಭವಿತ್ತು. ಆದರೆ ಅವನು ಕೇಳಿದ್ದು ಆ ಪ್ರಶ್ನೆಯನ್ನಲ್ಲ.

ಅವನ ಮುಂದೆ ಎರಡು ಬಗೆಯ ತೋಟೆಗಳ ಕೋವಿಗಳಿದ್ದವು. ಒಂದು, 1906ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬಂದ ‘ಥರ್ಟಿ ಆಟ್ ಸಿಕ್ಸ್’; ಅದರ ಗುಂಡು ಸುಮಾರು 10ರಿಂದ 12 ಗ್ರಾಂ. ಇನ್ನೊಂದು, 1955ರಲ್ಲಿ ಬಂದ ‘ಟೂ ಫಾರ್ಟಿತ್ರೀ’. ಗುಂಡು 6 ಗ್ರಾಮಿನ ಆಸುಪಾಸು. ದೊಡ್ಡದರ ಒದೆತ ಚಿಕ್ಕದರ ಸುಮಾರು ಎರಡು ಪಟ್ಟು. ದೊಡ್ಡದೇ ಒಳ್ಳೆಯದು, ಜಿಂಕೆ ಬೇಗ ಸಾಯುತ್ತದೆ ಎಂದು ಯಾರಿಗೂ ಅನ್ನಿಸೀತು. ಅನುಭವಸ್ಥರು ಹೊಸಬರಿಗೆ ಹಾಗೆ ಹೇಳುವುದಿಲ್ಲ. ಭುಜಕ್ಕೆ ಎರಡು ಸಲ ಜೋರಾಗಿ ಒದೆ ಬಿದ್ದವನು ಮೂರನೆಯ ಸಲ ಗುಂಡು ಹಾರುವ ಮೊದಲೇ ಕಣ್ಣು ಮುಚ್ಚುತ್ತಾನೆ, ಮೈ ಬಿಗಿಯುತ್ತಾನೆ. ಎದೆಗೂಡಿಗೆ ತಾಗಬೇಕಾದ ಈಡು ಹೊಟ್ಟೆಗೋ ಕಾಲಿಗೋ ತಾಗುತ್ತದೆ. ಆ ಜಿಂಕೆ ಓಡುತ್ತದೆ; ಎಲ್ಲೋ ಪೊದರಿನಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಆದ್ದರಿಂದ ನಾನು ಅವನಿಗೆ ಹೇಳಿದ್ದಿಷ್ಟು: ನಿನ್ನ ಭುಜ ತಾಳುವುದನ್ನು ಆರಿಸು, ಗುರಿ ಪಳಗುವ ತನಕ ಕಾಡಿಗೆ ಹೋಗಬೇಡ, ಹತ್ತಿರದಿಂದಲ್ಲದೆ ಹೊಡೆಯಬೇಡ, ಸಂಶಯವಿದ್ದರೆ ಕೋವಿ ಇಳಿಸು.

ಗುಂಡಿನ ವಿಷಯದಲ್ಲೂ ಒಂದು ವಿಚಿತ್ರವಿದೆ. ಮೈಯೊಳಗೆ ಹೊಕ್ಕು ಅಗಲವಾಗಿ ಅರಳುವ ಗುಂಡನ್ನು 1899ರ ಹೇಗ್ ಘೋಷಣೆ ಯುದ್ಧದಲ್ಲಿ ನಿಷೇಧಿಸಿತು. ಕಲ್ಕತ್ತೆಯ ಬಳಿಯ ಡಂಡಂ ಕಾರ್ಖಾನೆಯ ಹೆಸರಿನಿಂದಲೇ ಅದು ಲೋಕದಲ್ಲಿ ಕುಖ್ಯಾತವಾಗಿತ್ತು. ಜಿಂಕೆ ಬೇಟೆಗೆ ಬೇಕೆನ್ನುವುದು ಅಂಥ ಅರಳುವ ಗುಂಡನ್ನೇ! ಮನುಷ್ಯನಿಗೆ ಕ್ರೌರ್ಯವಾದದ್ದು ಮೃಗಕ್ಕೆ ಕರುಣೆಯಾದದ್ದು ಹೇಗೆ? ಗಾಯಗೊಂಡ ಸೈನಿಕನನ್ನು ಹೊತ್ತೊಯ್ಯುವವರಿದ್ದಾರೆ, ಆಸ್ಪತ್ರೆಯಿದೆ, ಅವನು ಬದುಕಬೇಕು. ಗಾಯಗೊಂಡ ಜಿಂಕೆಗೆ ಯಾರಿದ್ದಾರೆ? ಸಾಧನವೊಂದು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದರ ಮುಂದೆ ನಿಂತ ಜೀವದ ಗತಿಯನ್ನು ನೆನೆದೇ ಅದನ್ನು ಅಳೆಯಬೇಕು.

ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದು ಹೊಸ ವಿಚಾರವಲ್ಲ. ಜಿಂಕೆಯ ರೂಪದಲ್ಲಿದ್ದ ಕಿಂದಮ ಮುನಿಯು ಪಾಂಡುವನ್ನು ಶಪಿಸಿದ್ದು ಬೇಟೆಯಾಡಿದ್ದಕ್ಕಲ್ಲ, ಜೊತೆಗೂಡಿದ್ದ ಹೊತ್ತು ಕಳೆಯುವ ತನಕ ಕಾಯದೆ ಹೊಡೆದದ್ದಕ್ಕೆ. ದಶರಥನಲ್ಲಿ ಶಬ್ದವೇಧಿಯ ಕೌಶಲವಿತ್ತು. ಕಣ್ಣಿಗೆ ಕಾಣದುದಕ್ಕೆ ಬಾಣ ಬಿಡಬಾರದೆಂಬ ಸಂಯಮವಿರಲಿಲ್ಲ. ಬೇಟೆ ಕ್ಷತ್ರಿಯರಿಗೆ ಸಲ್ಲುವುದೆಂದು ಒಪ್ಪಿದ ಕಥೆಗಳೇ ಬೇಟೆಯ ರೀತಿಯನ್ನು ಇಷ್ಟು ಕಠಿಣವಾಗಿ ವಿಚಾರಿಸಿದವು.

ಒಳ್ಳೆಯ ಕೋವಿ, ಒಳ್ಳೆಯ ಗುರಿ ಇದ್ದ ಮಾತ್ರಕ್ಕೆ ಕೊಲೆ ಪುಣ್ಯವಾದೀತೇ ಎಂದು ಓದುಗರು ಕೇಳಬಹುದು. ಆಗದು. ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವನೂ ಮೊದಲನೆಯದರಿಂದ ಪಾರಾಗುವುದಿಲ್ಲ. ಹಾಗೆಯೇ ಮೊದಲನೆಯದಕ್ಕೆ ‘ಬೇಡ’ ಎಂದವನೂ ಎರಡನೆಯದರಿಂದ ಪಾರಾಗುವುದಿಲ್ಲ ಎನ್ನುವುದಕ್ಕೆ ನಮ್ಮ ಊರೇ ಸಾಕ್ಷಿ.

ಜಿಂಕೆ, ಕಡವೆಗಳ ಬೇಟೆ ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಆದರೆ ಬೆಳೆಗೆ ಬೀಳುವ ಕಾಡುಹಂದಿಯನ್ನು ಕೊಲ್ಲಿಸಲು ಅನುಮತಿ ನೀಡುವ ಅಧಿಕಾರವನ್ನು 2022ರಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೂ ಕೊಟ್ಟಿತು. ವಿಷ, ಸಿಡಿಮದ್ದು, ವಿದ್ಯುತ್ತು ಕೂಡದೆಂಬ ಕಟ್ಟಳೆಯನ್ನೂ ಹಾಕಿತು. ಅಂದರೆ ‘ಹೇಗೆ’ ಎಂಬುದನ್ನು ಕಾನೂನೇ ಕೇಳಿತು. 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನಲ್ಲಿ ಸಿಡಿಮದ್ದಿಟ್ಟ ತಿನಿಸನ್ನು ಕಚ್ಚಿ ಬಾಯಿ ಛಿದ್ರವಾದ ಗರ್ಭಿಣಿ ಆನೆಯೊಂದು ಹೊಳೆಯಲ್ಲಿ ನಿಂತೇ ಸತ್ತದ್ದನ್ನು ಯಾರು ಮರೆತಾರು?

ಮಾಂಸ ಮುಟ್ಟದ ಮನೆಗಳೂ ಹಂದಿಯ ಕಾಟಕ್ಕೆ ಅರ್ಜಿ ಕೊಡುತ್ತವೆ. ಕೋವಿಯವನು ಬರುತ್ತಾನೆ, ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ಈಡು ಅವನದು, ಉಳಿದ ಗೆಣಸು ನಮ್ಮದು. ಬಂದವನ ಗುರಿ ಹೇಗೆ, ಗಾಯಗೊಂಡು ಓಡಿದ್ದನ್ನು ಹುಡುಕಿ ಮುಗಿಸುವವರು ಯಾರು ಎಂದು ವಿಚಾರಿಸದೆ ‘ನಾನು ಕೊಲ್ಲುವವನಲ್ಲ’ ಎಂದರೆ ಅದು ಅಹಿಂಸೆಯಲ್ಲ, ಬರೇ ಮಡಿ. ಕೊಲ್ಲಬೇಡ ಎನ್ನುವ ಧೈರ್ಯ ನಮಗಿಲ್ಲದಿದ್ದರೆ, ನರಳಿಸಬೇಡ ಎಂದು ಎದುರು ನಿಂತು ಹೇಳುವಷ್ಟಾದರೂ ಹೊಣೆ ಇರಬೇಡವೇ?