ಏಕಾಂತವೂ ಏಕಾಕಿತನವೂ



ವೀರಶೈವಧರ್ಮದಲ್ಲಿ ಭಕ್ತಿಗೆ ಎರಡು ಮುಖಗಳುಂಟು. ಕರಸ್ಥಲದ ಇಷ್ಟಲಿಂಗವನ್ನು ಭಕ್ತನು ತಾನೊಬ್ಬನೇ ಕುಳಿತು ನಿರೀಕ್ಷಿಸಬೇಕು. ಅಲ್ಲಿ ಇನ್ನೊಬ್ಬರಿಗೆ ಎಡೆಯಿಲ್ಲ. ದಾಸೋಹವನ್ನಾದರೋ ಒಬ್ಬನೇ ಮಾಡಲು ಬಾರದು. ನೀಡುವ ಕೈಗೆ ಕೊಳ್ಳುವ ಕೈ ಎದುರಾಗಲೇಬೇಕು. ಮೊದಲನೆಯದು ಏಕಾಂತ, ಎರಡನೆಯದು ಸಂಗ. ಇವೆರಡೂ ಕೂಡಿದಲ್ಲಿಯೇ ಭಕ್ತಿಯು ಪೂರ್ಣವಾಗುತ್ತದೆ.

ಇಂದು ಒಬ್ಬರೇ ವಾಸಿಸುವ ಮನೆಗಳು ಲೋಕದಲ್ಲಿ ಹೆಚ್ಚುತ್ತಿವೆ. ಜಪಾನಿನ 2020ರ ಜನಗಣತಿಯಂತೆ ಅಲ್ಲಿಯ ಮನೆಗಳಲ್ಲಿ ನೂರಕ್ಕೆ 38ರಷ್ಟು ಅಂತಹವು. ಬ್ರಿಟನ್ನಿನ ಸರ್ಕಾರವು 2018ರಲ್ಲಿ ಒಂಟಿತನದ ನಿವಾರಣೆಯ ಹೊಣೆಯನ್ನು ಒಬ್ಬ ಮಂತ್ರಿಗೆ ವಹಿಸಿತು. ಇದು ದೂರದ ಮಾತೆಂದು ಕೊಪ್ಪಳ ಸೀಮೆಯ ಸದ್ಭಕ್ತರು ಭಾವಿಸುವಂತಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯು ಗಂಗಾವತಿಯ ಕಡೆಯ ನೆಲವನ್ನು ಭತ್ತದ ಗದ್ದೆಯಾಗಿಸಿತು. ಕುಷ್ಟಗಿ, ಯಲಬುರ್ಗಾಗಳ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿವೆ. ಮಳೆ ತಪ್ಪಿದ ವರ್ಷ ದುಡಿಯುವವರು ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುತ್ತಾರೆ. ಓದಿದ ಮಕ್ಕಳು ನೌಕರಿ ಹಿಡಿದು ನಗರಗಳಲ್ಲಿಯೇ ನೆಲೆಸುತ್ತಾರೆ. ಹನುಮನಹಳ್ಳಿಯಂತಹ ಊರಿನಲ್ಲಿ ತಾಯಿಯು ತನ್ನೊಬ್ಬಳಿಗೆಂದು ರೊಟ್ಟಿ ಬಡಿಯುವಾಗ, ನಗರದ ಕೋಣೆಯಲ್ಲಿ ಮಗನೂ ಒಬ್ಬನೇ ಉಣ್ಣುತ್ತಿರುತ್ತಾನೆ.

ಅಕ್ಕಮಹಾದೇವಿಯೂ ಒಬ್ಬಳೇ ಹೊರಡಲಿಲ್ಲವೇ ಎಂದು ಕೇಳುವವರುಂಟು. ಹೊರಟುದು ಅಹುದು, ಆದರೆ ಉಡುತಡಿಯನ್ನು ಬಿಟ್ಟ ಆಕೆ ಅರಸಿ ಬಂದುದು ಕಲ್ಯಾಣದ ಶರಣರ ಸಂಗವನ್ನು. ಅನುಭವಮಂಟಪದಲ್ಲಿ ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ಉತ್ತರವಿತ್ತ ಬಳಿಕವೇ ಶ್ರೀಶೈಲದ ಕದಳಿಯನ್ನು ಹೊಕ್ಕಳು. ಆಕೆಯದು ತಾನಾಗಿ ವರಿಸಿದ ಏಕಾಂತ. ಹಳ್ಳಿಯ ತಾಯಿಯದು ಮೇಲೆ ಬಿದ್ದ ಏಕಾಕಿತನ. ಇವೆರಡನ್ನೂ ಒಂದೆನ್ನುವುದು ವ್ರತದ ಉಪವಾಸವನ್ನೂ ಅನ್ನವಿಲ್ಲದ ಹಸಿವನ್ನೂ ಒಂದೆಂದಂತೆ.

ಊರು ಬಿಟ್ಟವರನ್ನು ದೂಷಿಸುವುದೂ ಸಲ್ಲದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೇ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅವರು ದಾಸೋಹ ನಡೆಸಿದರು. ಒಂದು ದಿನ ಮಾರಯ್ಯನು ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬುದು ಪ್ರಸಿದ್ಧ. ಬಡತನವು ಆ ಮನೆಯ ಬಾಗಿಲನ್ನು ಮುಚ್ಚಲಿಲ್ಲ. ಪರಸ್ಥಳವು ಅವರನ್ನು ಒಂಟಿಯಾಗಿಸಲಿಲ್ಲ. ಉಣಬಡಿಸುವ ಮನಸ್ಸುಳ್ಳವನಿಗೆ ಹೋದಲ್ಲೆಲ್ಲ ಬಂಧುಗಳು ದೊರೆಯುತ್ತಾರೆ.

ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯಿದೆಯುಂಟು. ಅದು ಜೀವನಾಂಶವನ್ನು ಕೊಡಿಸಬಲ್ಲುದು. ಜೊತೆಗೆ ಕುಳಿತು ಉಣ್ಣುವವರನ್ನು ಕೊಡಿಸಲಾರದು. ಅದು ಮಕ್ಕಳ ಕಾರ್ಯ. ಮಕ್ಕಳು ದೂರವಿದ್ದಾಗ ನೆರೆಮನೆಯವರ ಕಾರ್ಯ. ಗೃಹಸ್ಥನು ಪ್ರಸಾದಕ್ಕೆ ಕುಳಿತುಕೊಳ್ಳುವ ಮುನ್ನ, ತನ್ನ ಓಣಿಯಲ್ಲಿ ಯಾರ ಒಲೆ ಹೊತ್ತಿಲ್ಲವೆಂದು ವಿಚಾರಿಸಲಿ. ಶ್ರಾವಣದ ಪುರಾಣಕ್ಕೆ ಹೊರಟಾಗ ಒಂಟಿಯಾದ ಹಿರಿಯರನ್ನು ಕೈಹಿಡಿದು ಕರೆತರಲಿ. ಅಷ್ಟೇ ಸಾಲದು, ಅವರಿಂದಲೂ ಪಡೆಯಬೇಕು. ಮನೆಯ ಮಕ್ಕಳು ಸಂಜೆ ಅವರ ಬಳಿಗೆ ಹೋಗಿ ವಚನಗಳನ್ನು ಕಲಿಯಲಿ. ಬರಿದೆ ಪಡೆಯುವವರಿಗೆ ಸಂಕೋಚವು ಉಳಿಯುತ್ತದೆ. ಪಡೆದು ಕೊಟ್ಟಾಗ ಅವರೂ ದಾಸೋಹಿಗಳಾಗುತ್ತಾರೆ.

ಅಂಗದ ಮೇಲೆ ಲಿಂಗವಿರುವವರು ಎಂದಿಗೂ ಒಂಟಿಯಲ್ಲ ಎಂಬುದು ದಿಟ. ಆದರೆ ಆ ಮಾತನ್ನು ಒಂಟಿಯಾದವರು ತಮ್ಮ ಧೈರ್ಯಕ್ಕಾಗಿ ಹೇಳಿಕೊಳ್ಳಬೇಕೇ ಹೊರತು, ನೆರೆಯವರು ತಮ್ಮ ಕದವಿಕ್ಕಿಕೊಳ್ಳುವುದಕ್ಕಾಗಿ ಹೇಳಬಾರದು.