ಅಧ್ಯಾಪನದ ಪರೀಕ್ಷೆ ಯಾರಿಗಾಗಿ?

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಜಗಳವಾಡುತ್ತ ಅರಸನ ಬಳಿಗೆ ಬರುತ್ತಾರೆ. ತೀರ್ಪು ಹೇಳಬೇಕಾದ ಪರಿವ್ರಾಜಿಕೆಯು, ವಿದ್ಯೆಯು ತನ್ನಲ್ಲಿ ಬೆಳಗುವುದು ಒಂದು ಶಕ್ತಿ, ಅದನ್ನು ಇನ್ನೊಬ್ಬರಲ್ಲಿ ನಾಟಿಸುವುದು ಬೇರೊಂದು ಶಕ್ತಿ, ಎರಡೂ ಉಳ್ಳವನೇ ಗುರುಗಳಲ್ಲಿ ಅಗ್ರಗಣ್ಯನೆಂದು ನಿರ್ಣಯಿಸುತ್ತಾಳೆ. ಆದುದರಿಂದ ಶಿಷ್ಯೆಯರ ಅಭಿನಯವನ್ನು ನೋಡಿ ಗುರುಗಳನ್ನು ಅಳೆಯುವುದೆಂದಾಗುತ್ತದೆ. ಮಾತೇನೋ ನ್ಯಾಯವಾದುದೇ. ಆದರೆ ಆ ಪರೀಕ್ಷೆಯು ಏರ್ಪಟ್ಟುದು ಬೋಧನೆಯ ತತ್ತ್ವವನ್ನು ತಿಳಿಯುವುದಕ್ಕಲ್ಲ. ಅರಸನು ಮಾಲವಿಕೆಯನ್ನು ಕಣ್ಣಾರೆ ಕಾಣಲೆಂದು ವಿದೂಷಕನು ಹೂಡಿದ ಉಪಾಯವದು. ಪಾಪ, ಆಚಾರ್ಯರಿಬ್ಬರಿಗೂ ಅದು ತಿಳಿಯದು.

ಇಂದಿನ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪನವನ್ನು ಕುರಿತ ಸಂಶೋಧನೆಗೆ ಕೊಡುವ ಪ್ರೋತ್ಸಾಹವನ್ನು ವಿಚಾರಿಸುವಾಗ ಈ ಪ್ರಸಂಗವು ನೆನಪಿಗೆ ಬಾರದಿರದು. ಅಮೆರಿಕದಲ್ಲಿ ಅರ್ನೆಸ್ಟ್ ಬಾಯರ್ ಎಂಬಾತನು 1990ರಲ್ಲಿ, ಹೊಸ ವಿಷಯವನ್ನು ಕಂಡುಹಿಡಿಯುವುದರಂತೆಯೇ ಪಾಠ ಹೇಳುವುದೂ ಪಾಂಡಿತ್ಯದ ಒಂದು ಬಗೆಯೆಂದು ವಾದಿಸಿದನು. 1998ರಲ್ಲಿ ಅಲ್ಲಿಯ ಕಾರ್ನೆಗಿ ಪ್ರತಿಷ್ಠಾನವು, ತಮ್ಮ ಪಾಠಗಳನ್ನು ತಾವೇ ಶೋಧಿಸುವ ಅಧ್ಯಾಪಕರಿಗೆ ನೆರವಾಗಲು ಒಂದು ಸಂಸ್ಥೆಯನ್ನೇ ತೆರೆಯಿತು. ನಮ್ಮವರಿಗೆ ಇದು ಹೊಸತೆನಿಸಬೇಕಾದುದಿಲ್ಲ. ತೈತ್ತಿರೀಯದ ಶೀಕ್ಷಾವಲ್ಲಿಯು ಸತ್ಯ, ತಪಸ್ಸು, ಅತಿಥಿಸತ್ಕಾರಗಳೇ ಮೊದಲಾದ ಪ್ರತಿಯೊಂದು ಕರ್ತವ್ಯದೊಡನೆಯೂ ಸ್ವಾಧ್ಯಾಯ ಪ್ರವಚನಗಳೆರಡನ್ನೂ ಬಿಡದೆ ಜೋಡಿಸುತ್ತದೆ. ಓದುವುದೂ ಹೇಳಿಕೊಡುವುದೂ ಅಲ್ಲಿ ಒಂದೇ ತಕ್ಕಡಿಯಲ್ಲಿವೆ.

ನಮ್ಮ ತಕ್ಕಡಿಯಾದರೋ ಬೇರೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಲ್ಲಿ, ಭಾಷೆ ಮತ್ತು ಮಾನವಿಕ ಶಾಸ್ತ್ರಗಳ ಒಂದು ಸಂಶೋಧನಪ್ರಬಂಧಕ್ಕೆ 10 ಅಂಕ. ನೂತನ ಬೋಧನಕ್ರಮವೊಂದನ್ನು ರೂಪಿಸಿದವನಿಗೆ 5. ಪಾಠವನ್ನಂತೂ ಎಣಿಕೆಯಿಂದ ಅಳೆದಿದೆ: ವಹಿಸಿದ ತರಗತಿಗಳಲ್ಲಿ ನೂರಕ್ಕೆ 80ನ್ನು ನಡೆಸಿದರೆ ಅದು ‘ಉತ್ತಮ’. ಕೇಳಿದವರಿಗೆ ತಿಳಿಯಿತೇ ಎಂಬ ಪ್ರಶ್ನೆಗೆ ಆ ಎಣಿಕೆಯಲ್ಲಿ ಎಡೆಯಿಲ್ಲ.

ಐದನ್ನು ಹತ್ತು ಮಾಡಿದರೆ ಸರಿಹೋದೀತೇ? ಹೋಗದು. 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ಗುಬ್ಬಿ, ಕುಣಿಗಲ್‌ಗಳ ಸರ್ಕಾರಿ ಕಾಲೇಜುಗಳಿವೆ. ಕನ್ನಡದಲ್ಲಿಯೇ ಓದಿ ಬಂದ ಹಳ್ಳಿಯ ಹುಡುಗಿಯೊಬ್ಬಳು ಅಲ್ಲಿ ಇಂಗ್ಲಿಷಿನ ಅರ್ಥಶಾಸ್ತ್ರವನ್ನು ಎದುರಿಸಬೇಕಾಗಿದೆಯೆಂದಿಟ್ಟುಕೊಳ್ಳಬಹುದು. ಬೇಡಿಕೆ, ಪೂರೈಕೆಗಳನ್ನು ಮೊದಲು ಗುಬ್ಬಿಯ ಸಂತೆಯ ತೆಂಗಿನಕಾಯಿಯ ಬೆಲೆಯಿಂದ ಕನ್ನಡದಲ್ಲಿ ತಿಳಿಸಿ ಅನಂತರ ಇಂಗ್ಲಿಷಿಗೆ ಕರೆದೊಯ್ದರೆ ಆಕೆಗೆ ಸುಲಭವಾದೀತೇ ಎಂದು ಆಕೆಯ ಅಧ್ಯಾಪಕನು ಪರೀಕ್ಷಿಸಬಯಸುತ್ತಾನೆ. ಪ್ರಶ್ನೆ ಶ್ರೇಷ್ಠವಾದುದು; ಬೆಂಗಳೂರಿನವರಾಗಲಿ ಅಮೆರಿಕದವರಾಗಲಿ ಅವನ ಪರವಾಗಿ ಉತ್ತರಿಸಲಾರರು. ಆದರೆ ಆ ಉತ್ತರಕ್ಕೆ ಬಡ್ತಿಯನ್ನು ಕಟ್ಟಿದೊಡನೆ ಅವನ ಪ್ರಯೋಗವು ಸಫಲವಾಗಲೇಬೇಕಾಗುತ್ತದೆ. ತನ್ನ ಪಾಠವು ಎಲ್ಲಿ ಕೆಟ್ಟಿತೆಂಬುದನ್ನು ಹುಡುಕಬೇಕಾದವನು, ಅದು ಗೆದ್ದಿತೆಂಬುದಕ್ಕೆ ಸಾಕ್ಷಿಯನ್ನು ಹುಡುಕತೊಡಗುತ್ತಾನೆ. ಆಗ ಆ ಹುಡುಗಿಯ ಸ್ಥಾನ ಮಾಲವಿಕೆಯದೇ: ಕುಣಿಯುವವಳು ಅವಳು, ಫಲ ಬೇರೆಯವರದು.

ಇನ್ನೊಂದು ಧರ್ಮಸಂಕಟವಿದೆ. ಪ್ರಯೋಗವು ಶಾಸ್ತ್ರೀಯವಾಗಬೇಕಾದರೆ ತರಗತಿಯನ್ನು ಎರಡಾಗಿಸಿ ಅರ್ಧಕ್ಕೆ ಮಾತ್ರ ಹೊಸ ಕ್ರಮದಲ್ಲಿ ಪಾಠ ಹೇಳಬೇಕೆನ್ನುತ್ತಾರೆ. ಯಾವುದು ಮೇಲೆಂದು ನಿಜವಾಗಿಯೂ ತಿಳಿಯದವನು ಹಾಗೆ ಮಾಡಿದರೆ ದೋಷವಿಲ್ಲ. ಮೇಲಾದುದನ್ನು ಬಲ್ಲವನು ಪ್ರಬಂಧದ ಅಂದಕ್ಕಾಗಿ ಉಳಿದರ್ಧವನ್ನು ಕತ್ತಲೆಯಲ್ಲಿ ಕೂರಿಸಿದರೆ ಅದು ವಿದ್ಯಾಚೌರ್ಯವೇ ಸರಿ.

ಹಿಂದಿನ ಪಾಠಶಾಲೆಗಳಲ್ಲಿ ಈ ಶೋಧನೆಗಳೆಲ್ಲ ಇರಲಿಲ್ಲವಲ್ಲ ಎಂದು ಹಿರಿಯರು ಆಕ್ಷೇಪಿಸಬಹುದು. ಇತ್ತು, ಅದಕ್ಕೊಂದು ಹೆಸರಿರಲಿಲ್ಲ, ಅಷ್ಟೆ. ನಾಲ್ಕೈದು ಶಿಷ್ಯರು ಮರುದಿನ ಬೆಳಗ್ಗೆ ಪಾಠವನ್ನೊಪ್ಪಿಸುವಾಗ ಗುರುವಿಗೆ ತನ್ನ ನಿನ್ನೆಯ ಮಾತು ಎಲ್ಲಿ ಮುರಿಯಿತೆಂಬುದು ಕಿವಿಗೇ ಬೀಳುತ್ತಿತ್ತು. ಎಂಬತ್ತು ಮಂದಿಯ ತರಗತಿಯಲ್ಲಿ ಅದು ಕೇಳಿಸದು. ಆದುದರಿಂದ ಉಪಾಯವನ್ನು ಬೇರೆಯಾಗಿ ಹುಡುಕಬೇಕಾಗಿದೆ.

ಅದಕ್ಕೆ ಹೆಚ್ಚಿನ ದ್ರವ್ಯವೇನೂ ಬೇಕಿಲ್ಲ. ವಾರಕ್ಕೆ ಎರಡು ಗಂಟೆಯ ಬಿಡುವು, ಉತ್ತರಪತ್ರಿಕೆಗಳನ್ನು ಮತ್ತೊಮ್ಮೆ ಬಿಡಿಸಿ ನೋಡಲು ಒಬ್ಬ ಜೊತೆಗಾರ, ವರ್ಷಕ್ಕೊಮ್ಮೆ ಮೂರೂ ಊರುಗಳ ಅಧ್ಯಾಪಕರು ಸೇರಿ ಯಾರ ಪಾಠ ಎಲ್ಲಿ ಸೋತಿತೆಂದು ಹೇಳಿಕೊಳ್ಳುವ ಒಂದು ಸಭೆ. ಇಷ್ಟನ್ನು ವಿಶ್ವವಿದ್ಯಾನಿಲಯವು ಒದಗಿಸಬಲ್ಲದು. ಆ ಸಭೆಯಲ್ಲಿ ಆಡಿದ ಮಾತು ಯಾರ ಬಡ್ತಿಯ ಕಡತವನ್ನೂ ಸೇರಕೂಡದೆಂಬ ಕಟ್ಟಳೆಯೊಂದನ್ನು ಮಾತ್ರ ಮೊದಲೇ ಬರೆದಿಡಬೇಕು.